ಅವ್ವನ ನೂಲು, ನನ್ನ ಕಡ್ಡಿ

ತೆಲುಗು ನಾಡಿನ ಗಡಿಯಲ್ಲಿರುವ ರಾಯದುರ್ಗದ ಒಂದು ತರಬೇತಿ ಕೇಂದ್ರದಲ್ಲಿ ನಾನು ಹೆಂಗಸರಿಗೆ ಜೀನ್ಸ್ ಹೊಲಿಯುವುದನ್ನು ಕಲಿಸುತ್ತೇನೆ. ಈ ಊರಿನ ಯಾವ ಓಣಿ ಹೊಕ್ಕರೂ ಮಷಿನ್ನಿನ ಸದ್ದು, ಹೊಸ್ತಿಲ ಹೊರಗೆ ನೀಲಿ ಚಿಂದಿ. ಹಾಗಾಗಿ ಕಲಿಯಲು ಬರುವವರಿಗೆ ಕೊರತೆಯಿಲ್ಲ. ಕೇಂದ್ರದ ಗೋಡೆಯ ಮೇಲೆ ನಾನೇ ಸ್ಕೆಚ್ ಪೆನ್ನಿನಲ್ಲಿ ಬರೆದ ದೊಡ್ಡ ಚಾರ್ಟ್ ಒಂದಿದೆ. ಬಟ್ಟೆಗೆ ಸಂಬಂಧಪಟ್ಟ ಮಾತುಗಳೆಲ್ಲ ಅದರಲ್ಲಿವೆ, ಮೂರು ಭಾಷೆಯಲ್ಲಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿರುವ ಎಳೆಗೆ ಇಂಗ್ಲಿಷಿನಲ್ಲಿ ವಾರ್ಪ್, ತೆಲುಗಿನಲ್ಲಿ ಪಡುಗು, ಕನ್ನಡದಲ್ಲಿ ಹಾಸು. ಅದರ ನಡುವೆ ಅಡ್ಡಡ್ಡ ನುಗ್ಗುವ ಎಳೆಗೆ ವೆಫ್ಟ್, ಪೇಕ, ಹೊಕ್ಕು. ಹೊಸ ಬ್ಯಾಚ್ ಬಂದ ಮೊದಲ ದಿನ ಎಲ್ಲರಿಗೂ ಇದನ್ನು ಬಾಯಿಪಾಠ ಮಾಡಿಸುತ್ತೇನೆ. ತಪ್ಪಿದವರನ್ನು ನಿಲ್ಲಿಸುತ್ತೇನೆ. "ನಮ್ಮ ಟೀಚರಮ್ಮಗ ಗೊತ್ತಿಲ್ಲದ ಮಾತಿಲ್ರಿ" ಎಂದು ಹಳಬರು ಹೊಸಬರಿಗೆ ಹೇಳುವುದು ಕಿವಿಗೆ ಬಿದ್ದು ನಾನು ಉಬ್ಬಿದ್ದೂ ಉಂಟು. ಈಗ ಆ ಚಾರ್ಟ್ ಕಂಡರೆ ನನಗೆ ಮೈ ಉರಿಯುತ್ತದೆ.

ನನ್ನ ತವರು ಮಡಕಶಿರಾದಿಂದ ಆಚೆ, ರೊಳ್ಳದ ಕಡೆಯ ಒಂದು ಹಳ್ಳಿ. ಎರಡು ಬಸ್ಸು, ಒಂದು ಆಟೋ. ಜಿಲ್ಲೆ ಒಡೆದ ಮೇಲೆ ಈಗ ಎರಡೂ ಊರು ಬೇರೆ ಬೇರೆ ಜಿಲ್ಲೆಯಲ್ಲಿವೆ. ನಮ್ಮದು ಕುರಿ ಸಾಕುವ ಮನೆ. ಕುರಿಯ ಉಣ್ಣೆ ಕತ್ತರಿಸುವುದು ಗಂಡಸರ ಕೆಲಸ. ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತು ಕಂಬಳಿ ನೇಯುವುದೂ ಗಂಡಸರ ಕೆಲಸ. ಇವೆರಡರ ನಡುವೆ ಇರುವುದೆಲ್ಲ ಹೆಂಗಸರದು. ಉಣ್ಣೆಯಲ್ಲಿ ಸಿಕ್ಕಿಕೊಂಡ ಮುಳ್ಳು ಕಸ ಆರಿಸಿ ಹಿಂಜಬೇಕು, ಹಿಂಜಿದ್ದನ್ನು ಸುರುಳಿ ಮಾಡಿ ಹಂಜಿ ಕಟ್ಟಬೇಕು, ರಾಟೆ ಮುಂದೆ ಕೂತು ಬಲಗೈಯಲ್ಲಿ ಚಕ್ರ ತಿರುಗಿಸಿ ಹುರಿ ಕೊಡುತ್ತ ಎಡಗೈಯಲ್ಲಿ ಎಳೆ ಎಳೆಯಬೇಕು. ಅವ್ವ ಮದುವೆಯಾಗಿ ಬಂದ ವಾರದಿಂದ ಇದನ್ನೇ ಮಾಡಿದ್ದಾಳೆ. ಆರನೇ ತರಗತಿಗೇ ನನ್ನನ್ನು ಹಾಸ್ಟೆಲಿಗೆ ಹಾಕಿದ್ದರಿಂದ ನನಗೆ ಇದ್ಯಾವುದೂ ಬರಲಿಲ್ಲ. ಓದುವ ಹುಡುಗಿ ಉಣ್ಣೆ ಮುಟ್ಟುವುದು ಬೇಡ ಎಂದು ಅವ್ವನೇ ದೂರ ಇಟ್ಟಿದ್ದಳು. ನಾನೂ ಸಂತೋಷವಾಗಿಯೇ ದೂರ ಇದ್ದೆ, ಆ ಕುರಿ ವಾಸನೆ ನನಗೆ ಆಗುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಮಗ್ಗ ನಿಂತಿತು. ಕುಣಿಗೆ ಮಣ್ಣು ತುಂಬಿ ಈಗ ಅದರ ಮೇಲೆ ತಮ್ಮ ಬೈಕು ನಿಲ್ಲಿಸುತ್ತಾನೆ. ಅವ್ವ ಮಾತ್ರ ನೂಲುವುದನ್ನು ಬಿಡಲಿಲ್ಲ. ಯಾರಿಗೆ ಎಂದು ಕೇಳಿದರೂ ಚಕ್ರ ತಿರುಗಿಸುತ್ತಲೇ ಇದ್ದಳು. ಉಂಡೆ ಕಟ್ಟಿ ಚೀಲಕ್ಕೆ ಹಾಕುತ್ತಿದ್ದಳು.

ಮೂರು ವರ್ಷದ ಹಿಂದೆ, ಚಳಿಗಾಲದಲ್ಲಿ, ಊರಿಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ಬಾಗಿಲಿಗೆ ಬಂದರೆ ಅವ್ವ ಅಂಗಳದಲ್ಲಿ ಹಳೆಯ ಸೀರೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ ಹೊದ್ದು, ಒಲೆಯ ಮುಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಾಳೆ. ಒಳಗೆ ತಮ್ಮನ ಕಂಬಳಿ ಗೂಟಕ್ಕೆ ನೇತಾಡುತ್ತಿತ್ತು. ಅದಕ್ಕೆ ನೂಲು ನೂತವಳು ಇವಳು. ಅಪ್ಪನ ಕಂಬಳಿ, ದೊಡ್ಡಪ್ಪಂದಿರ ಕಂಬಳಿ, ಸಂತೆಯಲ್ಲಿ ಹೋದ ಕಂಬಳಿ, ಎಲ್ಲ ಇವಳ ಬೆರಳಿನಿಂದ ಬಂದದ್ದು. ಇವಳ ಮೈಮೇಲೆ ಒಂದಾದರೂ ಬಿತ್ತೇ? ಕಂಬಳಿ ಬಯಲಲ್ಲಿ ಕುರಿಯ ಜೊತೆ ಮಲಗುವವರಿಗೆ. ಮನೆಯಲ್ಲಿ ಇರುವವರಿಗೆ ಯಾಕೆ? ನಮ್ಮಲ್ಲಿ ಅದು ಯಾರೂ ಕೂತು ಮಾಡಿದ ನಿಯಮವಲ್ಲ, ಆದರೆ ಯಾರೂ ಮುರಿದದ್ದೂ ಇಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಇನ್ನಷ್ಟು ಬಂತು. ಅವಳ ನೂಲು ಅವಳ ಮೈಮೇಲೆ ಒಂದು ಸಲವಾದರೂ ಬೀಳಬೇಕು, ಅವಳು ಗಟ್ಟಿಯಾಗಿ ಇರುವಾಗಲೇ ಬೀಳಬೇಕು ಎಂದು ಅಲ್ಲೇ ನಿಶ್ಚಯ ಮಾಡಿದೆ. ನನಗೆ ಮಗ್ಗ ಬರುವುದಿಲ್ಲ, ಆದರೆ ಎರಡು ಕಡ್ಡಿ ಹಿಡಿದು ಸ್ವೆಟರ್ ಹೆಣೆಯಲು ಬರುತ್ತದೆ. ಕ್ರಾಫ್ಟ್ ಪರೀಕ್ಷೆಗೆ ಕಲಿತದ್ದು, ಅಂಗಡಿಯ ಉಲ್ಲನ್ ದಾರದಲ್ಲಿ ಎಷ್ಟೋ ಮಕ್ಕಳಿಗೆ ಮಾಡಿ ಕೊಟ್ಟಿದ್ದೇನೆ.

"ಅವ್ವ, ನಂಗೆ ನೂಲು ಕೊಡು. ನಿಂಗೊಂದು ಸ್ವೆಟರ್ ಮಾಡ್ತೀನಿ."

ಅವ್ವ ಚೀಲದ ಹತ್ತಿರ ಹೋದಳು. ಮೇಲಿನ ಉಂಡೆಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಕೈ ಆಳಕ್ಕೆ ಹಾಕಿ, ತಳದಿಂದ ಬೇರೆ ನಾಲ್ಕು ಉಂಡೆ ತೆಗೆದಳು. "ಮರಿ ಉಣ್ಣೆದು. ಮೊದಲ ಕತ್ತರಿದು. ಒಳ್ಳೇದು ಇದು, ತಗೊಂಡೋಗು." ಪಕ್ಕಕ್ಕೆ ತಳ್ಳಿದ ಉಂಡೆಗಳು ಯಾವುವು, ಅವು ಯಾಕೆ ಬೇಡ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಅವ್ವ ಒಳ್ಳೆಯದನ್ನು ಕೊಟ್ಟಳು, ನಾನು ಬ್ಯಾಗಿಗೆ ತುಂಬಿದೆ.

ರಾಯದುರ್ಗಕ್ಕೆ ಬಂದು ಭಾನುವಾರಗಳಲ್ಲಿ ಹೆಣೆಯತೊಡಗಿದೆ. ಮೊದಲ ಸಾಲಿನಿಂದಲೇ ಜಗಳ. ದಾರ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಗಂಟು ಬೀಳುತ್ತಿತ್ತು. ಬಿಡಿಸುವುದು, ಎರಡು ಸಾಲು ಹೆಣೆಯುವುದು, ಮತ್ತೆ ಬಿಡಿಸುವುದು. ಉಣ್ಣೆಯ ಗುಣವೇ ಇಷ್ಟಿರಬೇಕು ಎಂದುಕೊಂಡೆ. ಎರಡು ತಿಂಗಳಿಗೆ ಮುಂಭಾಗ, ಬೆನ್ನು ಎರಡೂ ಮುಗಿದವು. ಒಂದರ ಮೇಲೊಂದು ಇಟ್ಟರೆ ಎರಡೂ ಓರೆ. ಚೌಕವಾಗಿ ಇರಬೇಕಾದ್ದು ಒಂದು ಕಡೆಗೆ ವಾಲಿ ನಿಂತಿತ್ತು. ಎಳೆದು ಹೊಲಿದೆ. ನೀರಿನಲ್ಲಿ ಅದ್ದಿ, ಚೌಕವಾಗಿ ಪಿನ್ನು ಹೊಡೆದು ಒಣಗಿಸಿದೆ. ಪಿನ್ನು ಇರುವ ತನಕ ಸಾಧುವಾಗಿ ಇತ್ತು, ತೆಗೆದ ಮರುಗಳಿಗೆಗೆ ಮತ್ತೆ ಅದೇ ಸೊಟ್ಟ. ಹಾಕಿ ನೋಡಿದರೆ ಬಲ ಪಕ್ಕೆಯ ಹೊಲಿಗೆ ಹೊಟ್ಟೆಯ ಮೇಲೆ ಬಂದಿತ್ತು, ಎಡ ಪಕ್ಕೆಯದು ಬೆನ್ನಿಗೆ ಹೋಗಿತ್ತು.

ಕೇಂದ್ರದ ಪಕ್ಕದ ಮನೆಯ ಅಕ್ಕ ಒಬ್ಬರು ನಿಟ್ಟಿಂಗಿನಲ್ಲಿ ಪಳಗಿದವರು. ತೋರಿಸಿದೆ. "ನಿಮ್ಮ ಕೈ ಭಾಳ ಬಿಗಿ ಅದಾವ್ರಿ. ಸಿಟ್ಟಿನ್ಯಾಗ ಹಾಕಿದ್ರ ಹಿಂಗ ಆಗತೈತಿ" ಎಂದರು. ನನಗೆ ಸಿಟ್ಟು ಇದ್ದದ್ದು ನಿಜ, ಅದನ್ನು ಯಾರಾದರೂ ಹೇಳಿದರೆ ಮಾತ್ರ ನನಗೆ ಆಗುವುದಿಲ್ಲ. ಪೂರ್ತಿ ಬಿಚ್ಚಿದೆ. ದಪ್ಪ ಕಡ್ಡಿ ತಂದೆ. ಕೈ ಸಡಿಲ ಬಿಟ್ಟು ಹೆಣೆದೆ. ಅದು ಸಡಿಲವಾಗಿ ಓರೆಯಾಯಿತು.

ಸೋತು ತಮ್ಮನ ಫೋನಿಗೆ ಮಾಡಿದೆ. ಅವ್ವನಿಗೆ ಕೊಡಿಸಿಕೊಂಡು, "ಯಾಕೋ ಓರೆ ಆಗ್ತಾ ಐತೆ ಅವ್ವ, ನೆಟ್ಟಗೆ ನಿಲ್ತಾನೇ ಇಲ್ಲ" ಎಂದೆ. ಫೋಟೋ ಕಳಿಸಿದೆ. ಅವಳು ನೋಡಿ, "ನೂಲು ಸಡಿಲ ಆಗೈತೆ ಕಣವ್ವ. ಹುರಿ ಸಾಲ್ದು. ನನ್ನದೇ ತಪ್ಪು. ಇನ್ನೊಂದಷ್ಟು ನೂತು ಕೊಡ್ತೀನಿ ತಡಿ" ಎಂದಳು.

ಎರಡನೇ ಚಳಿಗಾಲಕ್ಕೆ ಹೊಸ ಉಂಡೆಗಳು ಬಂದವು. ಎಳೆ ತಂತಿಯ ಹಾಗೆ ಬಿಗಿಯಾಗಿತ್ತು, ಬೆರಳಲ್ಲಿ ಮೀಟಿದರೆ ಸದ್ದು ಬರಬೇಕು, ಅಷ್ಟು. ಇಷ್ಟು ಚೆನ್ನಾಗಿ ನೂತ ನೂಲನ್ನು ನಾನು ಹಾಳು ಮಾಡಬಾರದೆಂದು ಹಲ್ಲು ಕಚ್ಚಿ ಹೆಣೆದೆ. ಮೊದಲಿನದಕ್ಕಿಂತ ಹೆಚ್ಚು ಓರೆ. ಇದು ಹೇಗೆ ಸಾಧ್ಯ ಎಂದು ತಲೆ ಕೆಟ್ಟು ಹೋಯಿತು. ಮೊಬೈಲಿನಲ್ಲಿ ಯಾರ್ಯಾರದೋ ವಿಡಿಯೋ ನೋಡಿದೆ. ದಾರ ಹಿಡಿಯುವ ಬೆರಳು ಬದಲಿಸಿದೆ. ಇನ್ನೂ ದಪ್ಪ ಕಡ್ಡಿ ಹಿಡಿದೆ. ಕುಣಿಕೆ ಎಣಿಸಿದೆ. ಏನು ಮಾಡಿದರೂ ಅಷ್ಟೇ. ಮತ್ತೆ ಫೋನು. ಮತ್ತೆ ಅವ್ವನದು ಅದೇ ಮಾತು: "ಇನ್ನೂ ಸ್ವಲ್ಪ ಬಿಗಿ ಬೇಕು ಅನ್ನಿಸ್ತೈತೆ. ಈ ಸಲ ನೋಡು."

ಈಗ ಹೇಳುವುದನ್ನು ನೆನೆದರೆ ನನಗೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ. ಆ ವರ್ಷವೇ ಒಂದು ಮಧ್ಯಾಹ್ನ ಬೆಳುಗುಪ್ಪದಿಂದ ಬರುವ ಒಬ್ಬ ಹೆಂಗಸು ತಾನು ಹೊಲಿದ ಪ್ಯಾಂಟೊಂದನ್ನು ತಂದು ನನ್ನ ಮೇಜಿನ ಮೇಲೆ ಹಾಕಿದಳು. ಒಗೆದು ಬಂದ ಪ್ಯಾಂಟು. ಕಾಲಿನ ಪಕ್ಕದ ಹೊಲಿಗೆ ಮೊಣಕಾಲಿನ ಹತ್ತಿರ ಮುಂದಕ್ಕೆ ತಿರುಗಿತ್ತು.

"ಟೀಚರ್, ಯಾಕ ಹಿಂಗ ಆಗೈತ್ರಿ? ನಾ ನೆಟ್ಟಗ ಹೊಲದೀನ್ರಿ, ದೇವ್ರಾಣಿ."

"ತಪ್ಪು ನಿನ್ನ ಹೊಲಿಗೀದಲ್ಲವ್ವ" ಎಂದೆ. ಎದ್ದು ಚಾರ್ಟಿನ ಹತ್ತಿರ ಹೋದೆ, ಕೋಲು ಹಿಡಿದು ತೋರಿಸಿದೆ. "ನೂಲಿನ್ಯಾಗ ತಿರುಚು ಕುಂತಿರತೈತಿ. ನೀರು ಬಿದ್ದ ಕೂಡ್ಲೆ ಅದು ಬಿಚ್ಚಿಕೊಳ್ಳಾಕ ನೋಡತೈತಿ. ಬಟ್ಟೀನ ಎಳಕೊಂಡು ತಿರುಗತೈತಿ. ನೂಲಿಗೆ ಬೈಬೇಕು, ನಿನಗಲ್ಲ." ಅವಳ ಮುಖ ಅರಳಿತು. ಉಳಿದವರು ನೋಟ್ಸ್ ಬರೆದುಕೊಂಡರು. ನಾನು ಕೋಲು ಇಟ್ಟು ಬಂದು ಕುರ್ಚಿಯಲ್ಲಿ ಕೂತೆ. ಕುರ್ಚಿಗೆ ನೇತುಹಾಕಿದ್ದ ಚೀಲದಲ್ಲಿ ಅದೇ ರೋಗದ ಸ್ವೆಟರ್ ಇತ್ತು. ಊಟದ ಬಿಡುವಿನಲ್ಲಿ ಅದನ್ನು ತೆಗೆದು ನಾಲ್ಕು ಸಾಲು ಹೆಣೆದೆ ಕೂಡ. ಕಣ್ಣ ಮುಂದೆ ಇದ್ದದ್ದು ಕಾಣಲಿಲ್ಲ. ಜೀನ್ಸ್ ಬೇರೆ, ಅವ್ವನ ನೂಲು ಬೇರೆ. ಅವ್ವನ ನೂಲಿನಲ್ಲಿ ತಪ್ಪು ಹುಡುಕುವ ಯೋಚನೆಯೇ ನನಗೆ ಬರಲಿಲ್ಲ. ಅವಳ ಒಳ್ಳೆಯ ನೂಲು, ನನ್ನ ಕೆಟ್ಟ ಕೈ. ಅಷ್ಟೇ ನನ್ನ ತಿಳಿವಳಿಕೆ.

ಇನ್ನೊಂದು ಹಠವೂ ಇತ್ತು. ಊರಿಗೆ ಹೋಗುವಾಗ ನಾನು ಕಡ್ಡಿ ಒಯ್ಯುತ್ತಿರಲಿಲ್ಲ. ಅರ್ಧ ಹೆಣೆದ ಸೊಟ್ಟ ಸ್ವೆಟರನ್ನು ಅವ್ವನ ಮುಂದೆ ಹರಡುವುದೇ? ಮುಗಿಸಿ, ಇಸ್ತ್ರಿ ಮಾಡಿ, ಮೈಗೆ ಚುಚ್ಚದ ಹಾಗೆ ಒಳಗೆ ತೆಳು ಹತ್ತಿ ಬಟ್ಟೆ ಕೊಟ್ಟು, ಒಂದೇ ಸಲ ಅವಳ ತೊಡೆಯ ಮೇಲೆ ಇಡಬೇಕು ಎಂಬುದು ನನ್ನ ಆಸೆ. ಹಾಗಾಗಿ ಅವಳು ಅಲ್ಲಿ ನೂಲುತ್ತಿದ್ದಳು, ನಾನು ಇಲ್ಲಿ ಹೆಣೆಯುತ್ತಿದ್ದೆ. ಫೋಟೋ ಬಿಟ್ಟರೆ ನನ್ನ ಕೆಲಸವನ್ನು ಅವಳು ಕಂಡಿರಲಿಲ್ಲ, ಅವಳ ಕೆಲಸದ ಪಕ್ಕ ನಾನು ಕೂತಿರಲಿಲ್ಲ. ನಡುವೆ ಎರಡು ಬಸ್ಸು ಮತ್ತು ಒಂದು ಫೋನು.

ಮೂರನೇ ಸಲ ನೂಲು ಬರುವುದು ತಡವಾಯಿತು. ಕೇಳಿದಾಗಲೆಲ್ಲ "ನೂಲ್ತಾ ಇವ್ನಿ" ಎನ್ನುತ್ತಿದ್ದಳು. ಕೊನೆಗೆ ತಮ್ಮನ ಹೆಂಡತಿ ಫೋನು ಮಾಡಿ, "ಅತ್ತೆ ಕೈ ಊದೈತೆ ಅಕ್ಕ. ಮುದ್ದೆ ಮುರಿಯೋಕೂ ಆಗಲ್ಲ ಅಂತಾರೆ. ಹೇಳ್ಬೇಡ ಅಂದಿದ್ರು" ಎಂದಳು. ಮರುದಿನವೇ ರಜೆ ಹಾಕಿ ಹೊರಟೆ. ಬ್ಯಾಗಿನಲ್ಲಿ ಸ್ವೆಟರ್ ಹಾಗೆಯೇ ಇತ್ತು. ತೆಗೆದಿಡಲು ಮರೆತಿದ್ದೆ.

ಅವ್ವನ ಎಡಗೈ ಹೆಬ್ಬೆರಳಿನ ಬುಡ ಊದಿ, ಚರ್ಮ ಮಿರಮಿರ ಮಿಂಚುತ್ತಿತ್ತು. ಗದರಿಸಿ ಮಡಕಶಿರಾಕ್ಕೆ ಕರೆದುಕೊಂಡು ಹೋದೆ. ಆಸ್ಪತ್ರೆಯಲ್ಲಿ ಚೀಟಿ ತೆಗೆದುಕೊಂಡು ಬೆಂಚಿನ ಮೇಲೆ ಕೂತೆವು. ನಮ್ಮ ಮುಂದೆ ಒಂದು ಜಾತ್ರೆಯಷ್ಟು ಜನ. ಹೆಸರು ಕೂಗುವ ನರ್ಸಮ್ಮ ತೆಲುಗಿನಲ್ಲಿ ಕೂಗಿ ಕನ್ನಡದಲ್ಲಿ ಬೈಯುತ್ತಿದ್ದಳು. ಎರಡು ಗಂಟೆ ಕಳೆಯಿತು. ಸುಮ್ಮನೆ ಕೂತರೆ ನಾನು ಯಾರ ಮೇಲಾದರೂ ಎಗರಿ ಬೀಳುತ್ತೇನೆ, ನನ್ನ ಕೋಪ ಮೂಗಿನ ತುದಿಯಲ್ಲೇ. ಕೈಗೆ ಕೆಲಸ ಇರಲಿ ಎಂದು ಕಡ್ಡಿ, ಉಂಡೆ ಹೊರಗೆ ತೆಗೆದು ಹೆಣೆಯತೊಡಗಿದೆ.

ಅವ್ವ ಗೋಡೆಗೆ ಒರಗಿದ್ದವಳು ಸ್ವಲ್ಪ ಹೊತ್ತಿಗೆ ಮುಂದಕ್ಕೆ ಬಾಗಿದಳು. ನನ್ನ ಕೈಯನ್ನೇ ನೋಡತೊಡಗಿದಳು. ಕಡ್ಡಿಯ ತುದಿ ಕುಣಿಕೆಯೊಳಗೆ ಹೋಗುವುದು, ದಾರ ಸುತ್ತುವುದು, ಕುಣಿಕೆ ಜಾರಿ ಈ ಕಡೆಗೆ ಬರುವುದು. ಒಂದು ಸಾಲು ಮುಗಿಯಿತು. ಇನ್ನೊಂದು ಸಾಲು ಅರ್ಧಕ್ಕೆ ಬಂದಿತ್ತು.

"ಇದನ್ನ ಎಲ್ಲಿಗೂ ಬಿಗಿಯಲ್ವಾ?" ಎಂದಳು.

"ಬಿಗಿಯೋದಾ?"

"ಮಗ್ಗದಾಗೆ ಬಿಗೀತಾರಲ್ಲ. ಆ ಕಡೆ ಗೂಟ, ಈ ಕಡೆ ಗೂಟ. ಎಳೆ ಕೂರ್ಸೋಕೆ ಮೇಲೆ ಹಲಗೆ ಏಟು ಬೀಳ್ತೈತಲ್ಲ."

"ಇಲ್ಲವ್ವ. ಇಷ್ಟೇ. ಕಡ್ಡಿ ಮೇಲೇ ಕೂತಿರ್ತೈತೆ."

ಅವ್ವ ಬಲಗೈ ಚಾಚಿ ಕುಣಿಕೆಯೊಂದನ್ನು ಮುಟ್ಟಿದಳು. ಹೆಣೆದ ಭಾಗವನ್ನು ಹಿಡಿದು ಎಳೆದು ಬಿಟ್ಟಳು. ಅದು ಹಿಗ್ಗಿ ಕುಗ್ಗಿತು. ಅವಳ ಮುಖದಲ್ಲಿ ಏನೋ ಇಳಿದು ಹೋದದ್ದನ್ನು ನಾನು ನೋಡಿದೆ.

"ಅಯ್ಯೋ ನಿನ್ನ. ಇದಕ್ಕೆ ಯಾಕೆ ಹಾಸಿನ ನೂಲು? ಹಾಸು ಅಂದ್ರೆ ಎಳೆತ ತಡೀಬೇಕು, ಏಟು ತಡೀಬೇಕು, ಅದಕ್ಕೆ ಹುರಿ ಏರಿಸಿ ನೂಲ್ತೀವಿ. ಬಿಗಿದು ಕಟ್ಟಿದ್ರೆ ತೆಪ್ಪಗಿರ್ತೈತೆ. ಹಿಂಗೆ ಸುಮ್ನೆ ಬಿಟ್ರೆ ತಿರುಗ್ದೆ ಏನ್ ಮಾಡ್ತೈತೆ? ಇದಕ್ಕೆ ಹೊಕ್ಕಿನ ನೂಲು ಸಾಕಾಗಿತ್ತು ಕಣೇ. ಮೆತ್ತಗಿಂದು."

"ಮತ್ತೆ ಮೊದಲ ದಿನ ಯಾಕೆ ಅದನ್ನ ಕೊಡಲಿಲ್ಲ?" ನನ್ನ ದನಿ ಏರಿತು. ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು.

"ಮಗಳು ಬಾಯಿಬಿಟ್ಟು ಕೇಳವ್ಳೆ, ಹೊಕ್ಕಿಂದು ಕೊಡ್ತಾರಾ ಯಾರಾದ್ರೂ? ಅದು ಬೇಕಾಬಿಟ್ಟಿ ನೂಲು. ಒಳ್ಳೇದು ಕೊಟ್ಟೆ." ಹಿಡಿದಿದ್ದ ಹೆಣಿಗೆಯನ್ನು ಬಿಟ್ಟು, "ನೀನು ಓರೆ ಆಗ್ತೈತೆ ಅಂದೆ. ಹುರಿ ಸಾಲ್ದು ಅಂದ್ಕಂಡು ಏರಿಸ್ದೆ. ಆಮೇಲೆ ಇನ್ನೂ ಏರಿಸ್ದೆ. ಅದು ಇನ್ನೂ ತಿರುಗಿರ್ತೈತೆ" ಎಂದಳು.

ಚಾರ್ಟು, ಕೋಲು, ಆ ಪ್ಯಾಂಟು, ನೋಟ್ಸ್ ಬರೆದುಕೊಂಡ ಹೆಂಗಸರು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಹಾಸು, ಹೊಕ್ಕು ಎರಡಕ್ಕೂ ಮೂರು ಭಾಷೆಯಲ್ಲಿ ಹೆಸರು ಬಲ್ಲವಳು ನಾನು. ಎರಡಕ್ಕೂ ನೂಲು ಬೇರೆ ಬೇರೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಒಂದೊಂದು ದೂರಿಗೂ ಆಕೆ ಅಲ್ಲಿ ಕೂತು ಚಕ್ರವನ್ನು ಇನ್ನೆರಡು ಸುತ್ತು ಹೆಚ್ಚು ತಿರುಗಿಸಿದ್ದಾಳೆ, ಹೆಬ್ಬೆರಳು ಒತ್ತಿ ಹಿಡಿದಿದ್ದಾಳೆ. ಅವಳ ಬೆರಳನ್ನು ಊದಿಸಿದ್ದು ನಾನೇ, ಫೋನಿನಲ್ಲಿ.

ಡಾಕ್ಟರು ಬೆರಳು ಒತ್ತಿ ನೋಡಿ, ಕೀಲು ಸವೆದಿದೆ ಎಂದರು. ಮಾತ್ರೆ ಬರೆದರು. "ಇನ್ನು ನೂಲೋದು ಗೀಲೋದು ಎಲ್ಲ ಬಂದ್, ಅಜ್ಜಿ. ಊತ ಇಳೀಬಹುದು, ಹಿಡಿತ ಮೊದಲಿನಂತೆ ಬರಲ್ಲ." ಅವ್ವ ಆಯಿತು ಎಂದು ತಲೆಯಾಡಿಸಿದಳು. ಆಟೋ ಹತ್ತಿ ಊರಿಗೆ ಹೊರಟೆವು. ನನಗೆ ಯಾರನ್ನಾದರೂ ಬೈಯಬೇಕಿತ್ತು, ಆದರೆ ನನ್ನ ಬಿಟ್ಟರೆ ಯಾರೂ ಸಿಗಲಿಲ್ಲ.

ಮನೆಗೆ ಬಂದವಳೇ ಚೀಲ ಸುರಿದೆ. ಹೊಕ್ಕಿನ ಉಂಡೆಗಳು ಎಲ್ಲಿ? ಮೂರು ವರ್ಷದ ಹಿಂದೆ ಅವಳು ಪಕ್ಕಕ್ಕೆ ತಳ್ಳಿದ್ದಳಲ್ಲ, ಅವು? ಇರಲಿಲ್ಲ. ಹಗ್ಗ ಹೊಸೆಯಲು ಬೇಕೆಂದು ಯಾರೋ ಕೇಳಿದರಂತೆ, ಕೊಟ್ಟುಬಿಟ್ಟಳಂತೆ. ಚೀಲದಲ್ಲಿ ಇದ್ದದ್ದೆಲ್ಲ ನನಗಾಗಿ ನೂತ ಬಿಗಿ ನೂಲು. ಅವ್ವ ರಾಟೆಯನ್ನು ಹತ್ತಿರ ಎಳೆದುಕೊಂಡು, "ಮೆತ್ತಗಿಂದು ಸುಲಭ, ತಡಿ ಒಂದಿಷ್ಟು ನೂಲ್ತೀನಿ" ಎಂದು ಹಂಜಿ ಹಿಡಿದಳು. ಹೆಬ್ಬೆರಳು ಮಡಿಯಲಿಲ್ಲ. ಹಂಜಿ ಜಾರಿ ಬಿತ್ತು. ಮತ್ತೆ ಹಿಡಿದಳು, ಮತ್ತೆ ಬಿತ್ತು. ನಾನು ಅವಳ ಕೈಯಿಂದ ಕಿತ್ತುಕೊಂಡು ರಾಟೆಯ ಮುಂದೆ ಕೂತೆ.

ಬಲಗೈ ತಿರುಗಿಸಿದರೆ ಎಡಗೈ ಮರೆಯುತ್ತಿತ್ತು, ಎಡಗೈ ಎಳೆದರೆ ಚಕ್ರ ಹಿಂದಕ್ಕೆ ಹೋಗುತ್ತಿತ್ತು. ಎಳೆ ಕಿತ್ತುಹೋಯಿತು. ಅಂಟಿಸಿದೆ, ಮತ್ತೆ ಕಿತ್ತಿತು. ಒಂದು ಕಡೆ ಸೆಣಬಿನಷ್ಟು ದಪ್ಪ, ಒಂದು ಕಡೆ ಕೂದಲಿನಷ್ಟು ತೆಳು. "ಚಕ್ರ ನಿಧಾನ. ಓಡಿ ಹೋಗಲ್ಲ ಅದು. ಬೆರಳು ಬಿಡು. ಹಿಡಿಬೇಡ, ಬಿಡು ಅಂದ್ನಲ್ಲ" ಎಂದು ಅವ್ವ ಪಕ್ಕದಿಂದ ಗದರುತ್ತಿದ್ದಳು. ನಾನು ತರಗತಿಯಲ್ಲಿ ಗದರುವುದು ಇದೇ ದನಿಯಲ್ಲಿ. ಬಿಸಿಲು ಅಂಗಳ ದಾಟಿ ಗೋಡೆ ಹತ್ತುವ ಹೊತ್ತಿಗೆ ಒಂದು ಮಾರು ನೂಲು ಆಗಿತ್ತು, ಅದೂ ಗಂಟುಗಂಟು. ನಾಚಿಕೆಯಿಂದ ಅದನ್ನು ಕಿತ್ತು ಎಸೆಯಲು ಹೋದೆ. ಅವ್ವ ತಡೆದಳು. ಬಲಗೈಯ ಬೆರಳಿನಲ್ಲಿ ಉದ್ದಕ್ಕೂ ಸವರಿ ನೋಡಿದಳು. ಸಡಿಲ ಬಿಟ್ಟಳು. ಅದು ಸುತ್ತಿಕೊಳ್ಳದೆ ಅವಳ ಅಂಗೈ ಮೇಲೆ ಸುಮ್ಮನೆ ಮಲಗಿತು.

"ಮಗ್ಗಕ್ಕೆ ಹಾಕಿದ್ರೆ ಮೊದಲ ಏಟಿಗೇ ತುಂಡಾಗ್ತೈತೆ."

"ಗೊತ್ತು ಬಿಡವ್ವ. ನಂಗೆ ಬರಲ್ಲ."

"ಏನ್ ಗೊತ್ತು ನಿಂಗೆ? ಸ್ವೆಟ್ರಿಗೆ ಇಂಥದ್ದೇ ಬೇಕಾಗಿದ್ದು."

ನನಗೆ ದುಃಖ ಒತ್ತರಿಸಿ ಬಂತು. ರಾಟೆ ಬಿಟ್ಟು, ಮೊಣಕಾಲ ಮೇಲೆ ತಲೆಯಿಟ್ಟು ಅತ್ತೆ. ನನ್ನಂಥ ಕೈ ಪಳಗದವಳೂ ಒಂದು ಮಧ್ಯಾಹ್ನದಲ್ಲಿ ಮಾಡುವಂಥದ್ದನ್ನು ಕೇಳದೆ, ಅವಳಿಂದ ಮೂರು ವರ್ಷ ತಂತಿ ನೂಲಿಸಿದ್ದೆ. ಅವ್ವ ಸ್ವಲ್ಪ ಹೊತ್ತು ಅಳಲು ಬಿಟ್ಟಳು. ಆಮೇಲೆ ಹಂಜಿಯನ್ನು ನನ್ನ ತೊಡೆಯ ಮೇಲೆ ಹಾಕಿದಳು.

"ಸಾಕು, ಎದ್ದು ಕೂತ್ಕ. ಬಿರ್ರನೆ ನೂಲು" ಎಂದಳು. "ನಂಗೆ ಚಳಿ ಆಗ್ತೈತೆ."